ಚಪ್ಪಾಳೆಯ ಒಪ್ಪಿಗೆ

ಕಾಲೊನಿಯ ನಲ್ಲಿಕಟ್ಟೆಯ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ನೀರು ಬಾರದ ನಲ್ಲಿ ಅದಕ್ಕಾದರೂ ಒದಗುತ್ತಿತ್ತು. ಕೃಷ್ಣಮ್ಮ ದಿನಾ ಕೆಳಗಿನ ಹಳ್ಳದಿಂದ ನೀರು ಹೊತ್ತು ತಂದು, ಸೊಂಟ ನೀವಿಕೊಂಡು, ಮೂಡಿಗೆರೆಯ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಬೀಜ ಆರಿಸಲು ಹೋಗುತ್ತಿದ್ದಳು.

ಅವಳ ವಾರ್ಡಿನಲ್ಲಿ ಪಟ್ಟಣ ಪಂಚಾಯಿತಿಗೆ ಓಟು ನಡೆದದ್ದೇ ಇಲ್ಲ. ಪ್ರತಿ ಸಲವೂ ಅವಿರೋಧ ಆಯ್ಕೆ. ಕ್ಯೂರಿಂಗಿನ ಮಾಲೀಕ ಬಸವರಾಜು ಅವರಿಗೆ ಜಗಳವೆಂದರೆ ಆಗದು. ಅಷ್ಟು ಶಾಂತಿಪ್ರಿಯರಾದ್ದರಿಂದ ಸದಸ್ಯರಾಗುವ ಕಷ್ಟವನ್ನೂ ಅವರೇ ಹೊರುತ್ತಿದ್ದರು. ಈ ಸಲ ಸ್ಥಾನ ಮಹಿಳೆಗೆ ಮೀಸಲಾಯಿತು. ಕಷ್ಟ ಅವರ ಹೆಂಡತಿ ಪ್ರೇಮಕುಮಾರಿಯವರ ಪಾಲಿಗೆ ಬಂತು.

ಹೆಸರಿಗೆ ಒಪ್ಪಿಗೆ ಪಡೆಯುವ ಸಭೆ ಕ್ಯೂರಿಂಗಿನ ಕಣದಲ್ಲೇ ಸೇರಿತು. ಕೆಲಸ ನಿಲ್ಲಿಸಿ ಕಾಲೊನಿಯ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿದ್ದರು. ಇವತ್ತು ನಲ್ಲಿಯ ವಿಚಾರ ಕೇಳಿಯೇ ಬಿಡಬೇಕು ಎಂದು ಕೃಷ್ಣಮ್ಮ ಗಟ್ಟಿ ಮನಸ್ಸು ಮಾಡಿದ್ದಳು. ವಾರ್ಡೆಂದರೆ ಒಂದು ಮನೆಯಿದ್ದಂತೆ ಎಂದ ಬಸವರಾಜು, ಹೆಂಡತಿಯ ಹೆಸರು ಹೇಳಿ, ಯಾರದಾದರೂ ಮಾತಿದೆಯೇ ಎಂದು ಕೇಳಿದರು.

ಕೆಲಸದ ಹೊತ್ತು ಮಷಿನ್ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳದು. ಏನಾದರೂ ಹೇಳುವುದಿದ್ದರೆ ಮೇಸ್ತ್ರಿಯನ್ನು ಕರೆಯಲು ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ. ಒಬ್ಬಳು ತಟ್ಟಿದರೆ, ಅವನಿಗೆ ಕೇಳಲಿ ಎಂದು ಸಾಲೆಲ್ಲ ತಟ್ಟುತ್ತದೆ. ಕೃಷ್ಣಮ್ಮನ ಕೈ ಮೇಸ್ತ್ರಿ ಕಲ್ಲೇಶನ ಕಡೆಗೆ ತಾನಾಗಿ ತಟ್ಟಿತು. ಪಕ್ಕದ ಮೋನಿಕಾ ತಟ್ಟಿದಳು. ಸಾಲೆಲ್ಲ ತಟ್ಟಿತು.

ಬಸವರಾಜು ಗದ್ಗದಿತರಾಗಿ ಕೈಮುಗಿದರು. ಹಾರ ಸಿದ್ಧವಾಗಿಯೇ ಇತ್ತು.

"ಸರ್, ನಾನು ಮಾತಾಡಕ್ಕೆ ಅಂತ ಮೇಸ್ತ್ರಿನ ಕರ್ದಿದ್ದು," ಎಂದಳು ಕೃಷ್ಣಮ್ಮ.

"ಎಲ್ರೂ ಒಪ್ಪಿದ್ ಮೇಲೆ ಇನ್ನೆಂಥ ಮಾತು ಕೃಷ್ಣಮ್ಮ? ಕಾಫಿ ಕುಡ್ಕೊಂಡ್ ಹೋಗಿ."

ತನ್ನ ಕೈಯೇ ಇಡೀ ಕಾಲೊನಿಯ ಬಾಯಿ ಮುಚ್ಚಿಸಿತಲ್ಲ ಎಂದು ಅವಳಿಗೆ ಅನ್ನ ಇಳಿಯಲಿಲ್ಲ. ಚುನಾವಣೆಗೆ ತಾನೇ ನಿಲ್ಲುತ್ತೇನೆ ಎಂದು ಮೋನಿಕಾಳಿಗೆ ಹೇಳಿದಳು. ಮೋನಿಕಾ ನಕ್ಕಳು.

"ನಿಲ್ಲು ಮಾರಾಯ್ತಿ. ಹೆಂಗೂ ಕೆಲ್ಸದಿಂದ ನಿಲ್ಲಿಸ್ತಾರೆ."

ಮಾತು ಕಲ್ಲೇಶನ ಕಿವಿಗೂ ಬಿತ್ತು. ಅವಳ ಜೊತೆ ಹೋದವರು ಆ ಕಡೆಯಿಂದಲೇ ಮನೆಗೆ ಹೋಗಬಹುದು ಎಂದು ಅವನು ಗೇಟಿನಲ್ಲಿ ನಿಂತು ಹೇಳಿದ.

ನಾಮಪತ್ರದ ಕೊನೆಯ ದಿನ ಕೃಷ್ಣಮ್ಮ ಒಬ್ಬಳೇ ಪಂಚಾಯಿತಿ ಆಫೀಸಿಗೆ ಹೋದಳು. ಚುನಾವಣಾಧಿಕಾರಿ ಕತ್ತೆತ್ತದೆ ಕೇಳಿದರು.

"ಸೂಚಕರು ಯಾರಮ್ಮ? ನಿಮ್ಮ ವಾರ್ಡಿನ ಒಬ್ಬರಾದ್ರೂ ಸಹಿ ಹಾಕ್ಬೇಕು."

ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡರು.

ಆಗ ಹೊರಗೆ ಯಾರೋ ಚಪ್ಪಾಳೆ ತಟ್ಟಿದರು. ಹಿಂದೆಯೇ ಒಂದು ಸಾಲು ತಟ್ಟಿತು.

"ಏನದು? ಯಾರಿಗೆ ಸನ್ಮಾನ?" ಎಂದರು ಅಧಿಕಾರಿ.

"ಸನ್ಮಾನ ಅಲ್ಲ ಸರ್," ಕೃಷ್ಣಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವ್ರಿಗೆ ಮಾತಾಡಕ್ಕಿದೆ."