ಇಸ್ತ್ರಿಯಣ್ಣ ಸೇವಾ ಕೇಂದ್ರದ ಮೆಟ್ಟಿಲು ಹತ್ತಿದ್ದು

ಮಗಳ ವಾಸಸ್ಥಳ ಪ್ರಮಾಣಪತ್ರದ ಒಂದು ಮೂಲೆ ಮುದುಡಿತ್ತು. ಸುಕ್ಕು ಕಂಡರೆ ಇಸ್ತ್ರಿಯಣ್ಣನ ಕೈ ಸುಮ್ಮನಿರುವುದಿಲ್ಲ. ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಇದೆ ಎಂಬುದನ್ನೂ ಮರೆತು ಬಿಸಿ ಇಸ್ತ್ರಿಪೆಟ್ಟಿಗೆ ಎಳೆದೇಬಿಟ್ಟ. ಚುರ್ ಎಂದಿತು. ಪತ್ರ ಒಣಗಿದ ಎಲೆಯಂತೆ ಸುರುಳಿಯಾಯಿತು. ಅಕ್ಷರ, ಮೊಹರು ಎಲ್ಲ ಕಲಸಿಹೋದವು.

ಆ ಪತ್ರ ಕೊಟ್ಟು ನರ್ಸಿಂಗ್ ತರಬೇತಿಗೆ ಸೇರಲು ನಾಳೆ ಸಂಜೆಯೇ ಕೊನೆ. ಮಗಳು ಅಳಲಿಲ್ಲ, ಬೈಯಲಿಲ್ಲ, ಸುರುಳಿ ಬಿಡಿಸಲು ನೋಡುತ್ತ ಕೂತಳು. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

ಅಷ್ಟರಲ್ಲಿ ಲೈಬ್ರರಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಅಕ್ಕ ಬಟ್ಟೆಗಂಟು ಹಿಡಿದು ಬಂದಳು. ವಿಷಯ ಕೇಳಿ ನಕ್ಕಳು.

"ಇದಕ್ಯಾಕಣ್ಣ ಆಕಾಶ ಕಳಚಿ ಬಿದ್ದ ಥರ ಕೂತಿದ್ದೀಯ? ಬೀದಿ ತುದೀಲಿ ಸೇವಾ ಕೇಂದ್ರ ಇದೆಯಲ್ಲ. ಇನ್ನೊಂದು ಪ್ರತಿ ಕೊಡ್ತಾರೆ."

"ಅಲ್ಲಿಗಾ? ಬೋರ್ಡಿನ ಒಂದು ಕಡೆ ಸರ್ಕಾರದ ಮುದ್ರೆ, ಇನ್ನೊಂದು ಕಡೆ ಕಂಪನಿ ಹೆಸರು. ಒಂದು ಎತ್ತಿಗೆ ಎರಡು ಮೂಗುದಾರ! ಬೇಲಿನೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋದು?"

"ಪತ್ರ ಕೊಡೋದು ಸರ್ಕಾರಾನೇ ಕಣಣ್ಣ. ಕಂಪ್ಯೂಟರು, ಕೆಲಸದೋರು ಮಾತ್ರ ಕಂಪನೀದು. ಇಬ್ಬರ ಮಧ್ಯೆ ಒಪ್ಪಂದ ಆಗಿದೆ. ನೀನೇ ನೋಡು, ಬಟ್ಟೆ ನಮ್ಮದು, ಪೆಟ್ಟಿಗೆ ನಿನ್ನದು. ಇಸ್ತ್ರಿಗೆ ಕೊಟ್ಟ ಅಂಗೀನ ಯಾವತ್ತಾದ್ರೂ ನೀನು ತೊಟ್ಟಿದ್ದೀಯಾ?"

ಇಸ್ತ್ರಿಯಣ್ಣ ಮಡಿಸಿದ್ದ ಕಾಲರನ್ನೇ ಮತ್ತೆ ಮಡಿಸಿದ.

"ಒಂದೇ ಒಂದು ಸಲ... ಭಾವಮೈದುನನ ಮದುವೆಗೆ... ಆ ನೀಲಿ ಅಂಗಿ..."

"ಅಯ್ಯೋ, ಅದು ನಮ್ಮನೆಯವರದು!"

ಅಷ್ಟು ಹೊತ್ತೂ ಬಿಗಿದುಕೊಂಡಿದ್ದ ಮಗಳು ಫಕ್ಕನೆ ನಕ್ಕುಬಿಟ್ಟಳು.

"ಅದಕ್ಕೇ ಅಣ್ಣ, ಬರೀ ನಂಬಿದ್ರೆ ಸಾಲ್ದು, ವಿಚಾರಿಸ್ಬೇಕು," ಎಂದಳು ಅಕ್ಕ. "ಗೋಡೆ ಮೇಲಿನ ಶುಲ್ಕಕ್ಕಿಂತ ಹೆಚ್ಚು ಕೊಡ್ಬೇಡ. ರಸೀದಿ ಕೇಳಿ ತಗೋ. ಮೊಬೈಲಿಗೆ ಒಟಿಪಿ ಅಂತ ಗುಟ್ಟಿನ ಸಂಖ್ಯೆ ಬಂದ್ರೆ ಯಾರಿಗೂ ಹೇಳ್ಬೇಡ, ನೀನೇ ಒತ್ತು. ಏನಾದ್ರೂ ತಪ್ಪಾದ್ರೆ ದೂರಿನ ಸಂಖ್ಯೆ ಅಲ್ಲೇ ಬರೆದಿರುತ್ತೆ. ಕಂಪನಿ ಸರ್ಕಾರಕ್ಕೆ ಉತ್ತರ ಹೇಳ್ಲೇಬೇಕು."

ಮಾರನೆಯ ಬೆಳಿಗ್ಗೆ ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅಪ್ಪ ಮಗಳು ಮೆಟ್ಟಿಲ ಮೇಲಿದ್ದರು. ಒಳಗೆ ಕಾಲಿಟ್ಟವನೇ ಅವನು "ರಸೀದಿ ಕೊಡಮ್ಮ" ಎಂದ.

"ಮೊದಲು ಕೆಲಸ ಹೇಳಿ ಮಾವ," ಎಂದಳು ಕೌಂಟರಿನ ಹುಡುಗಿ.

ಮಗಳು ಪತ್ರ ಹಾಳಾದದ್ದು ಹೇಳಿ ಅಪ್ಪನ ಮೊಬೈಲ್ ಸಂಖ್ಯೆ ಕೊಟ್ಟಳು. ಕಂಪ್ಯೂಟರಿನ ತೆರೆಯ ಮೇಲೆ ಅವಳ ಹೆಸರು ಬಂತು, ಕೆಳಗೆ ಅಪ್ಪನದೂ ಬಂತು. ಅವನು ಗಾಬರಿಯಾದ.

"ನಮ್ಮ ವಿವರ ನಿಮ್ಮ ಹತ್ರ ಹೇಗೆ ಬಂತು?"

"ನಮ್ಮ ಹತ್ರ ಇಲ್ಲ ಮಾವ, ಸರ್ಕಾರದ ದಾಖಲೇಲಿದೆ. ನಾವು ಬಾಗಿಲು ತೆಗೆದು ತೋರಿಸೋರು ಅಷ್ಟೆ. ಈಗ ನಿಮ್ಮ ಮೊಬೈಲಿಗೆ ಗುಟ್ಟಿನ ಸಂಖ್ಯೆ ಬಂದಿರ್ಬೇಕು, ನೀವೇ ಒತ್ತಿ."

ಅಂಗೈಯಿಂದ ಮರೆಮಾಡಿಕೊಂಡು ಒಂದೊಂದೇ ಅಂಕಿ ಒತ್ತಿದ. ಪತ್ರ ಬಂತು, ರಸೀದಿಯೂ ಬಂತು. ಮಧ್ಯಾಹ್ನಕ್ಕೆ ಮೊದಲೇ ತರಬೇತಿ ಶಾಲೆಯ ಪಟ್ಟಿಯಲ್ಲಿ ಮಗಳ ಹೆಸರು ಸೇರಿತು. ಹೊರಗೆ ಬಂದವಳು ಅಪ್ಪನ ತೋಳು ಹಿಡಿದುಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹರಿದ, ಕಳೆದ ಪತ್ರವಿದ್ದರೆ ಕೊನೆಯ ದಿನದವರೆಗೆ ಕಾಯಬೇಡಿ. ಹತ್ತಿರದ ಸೇವಾ ಕೇಂದ್ರಕ್ಕೆ ಹೋಗಿ. ಕೌಂಟರಿನಲ್ಲಿ ಯಾರೇ ಕೂತಿರಲಿ, ಸೇವೆ ನಿಮ್ಮ ಹಕ್ಕು. ಕೇಳಲು ನಾಚಬೇಡಿ.