ಅಡುಗೆಮನೆಯ ಹಸಿರು ಗುಂಡಿ

ಗುಂಡಿ ಒತ್ತಿದಾಗ ಬಂದದ್ದು ಅಣ್ಣನ ಚದುರಂಗದ ನಡೆಯಲ್ಲ, ಕಂಪನಿಯ ನೋಟೀಸು. ತಿಂಗಳ ಕೊನೆಗೆ ಇ-ಮೇಲ್ ಸೇವೆ ನಿಲ್ಲುತ್ತದೆ, ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ವಂದನೆಗಳು. ಕನ್ನಡಕದಂಗಡಿಯವನು ಅದನ್ನು ಮತ್ತೆ ಮತ್ತೆ ಓದಿದ.

ಕಂಪ್ಯೂಟರ್ ಎಂದರೆ ಮಾರುದೂರ ನಿಲ್ಲುತ್ತಿದ್ದ ಮನೆಗೆ ಆ ಇ-ಮೇಲ್ ಯಂತ್ರ ತಂದವಳು ಹೆಂಡತಿ. ಅಂಗೈಯಗಲದ ಪರದೆ, ಕೆಳಗೆ ಕೀಲಿಮಣೆ. ಅಡುಗೆಮನೆಯ ಟೆಲಿಫೋನ್ ತಂತಿಗೆ ಸಿಕ್ಕಿಸಿದರೆ ಮುಗಿಯಿತು. ಲಕೋಟೆಯ ಚಿತ್ರವಿದ್ದ ಹಸಿರು ಗುಂಡಿ ಒತ್ತಿದರೆ ಗೊರಗುಟ್ಟಿ, ಕಿರುಚಿ, ಅಂಚೆ ತಂದು ಹಾಕುತ್ತಿತ್ತು. ಅಷ್ಟು ಹೊತ್ತು ಮನೆಯ ಫೋನು ಮೂಕ.

"ನಮ್ಮಮ್ಮ ಫೋನ್ ಮಾಡೋ ಹೊತ್ತಿಗೇ ನಿಮಗೆ ಆಟ ನೆನಪಾಗುತ್ತೆ" ಎಂದು ಅವಳು ಗೊಣಗುತ್ತಿದ್ದಳು. ಪಕ್ಕದ ಊರಿನಲ್ಲಿ ಬಸ್ ಓಡಿಸುತ್ತಿದ್ದ ಅಣ್ಣನ ಮನೆಯಲ್ಲೂ ಅಂಥದೇ ಯಂತ್ರ ಬಂದು ಕೂತದ್ದು ಓರಗಿತ್ತಿಯರ ಸಂಚೆಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ.

ಅಪ್ಪ ತೀರಿಕೊಂಡ ದಿನ, "ನೀನು ನೋಡ್ಕೊಂಡ ಚಂದಕ್ಕೇ ಹೋದ್ರು" ಎಂದು ಅಣ್ಣ ನಾಲ್ಕು ಜನರೆದುರು ಅಂದುಬಿಟ್ಟಿದ್ದ. ಅಲ್ಲಿಗೆ ಮಾತು ನಿಂತಿತ್ತು. ವರ್ಷಗಳ ಮೇಲೆ ಒಂದು ಸಂಜೆ ಪರದೆಯಲ್ಲಿ ಅಣ್ಣನ ಹೆಸರು, ಅದರ ಕೆಳಗೆ ಒಂದಕ್ಷರ, ಒಂದಂಕಿ ಮೂಡಿತು. ಅಪ್ಪ ಇಬ್ಬರಿಗೂ ಕಲಿಸಿದ್ದ ಚದುರಂಗದ ಮೊದಲ ನಡೆ. ಇವನು ಅಟ್ಟದಿಂದ ಹಾಸು ಇಳಿಸಿ, ಧೂಳು ಕೊಡವಿ, ಉತ್ತರ ಕಳಿಸಿದ. ಆಮೇಲೆ ಆನೆ, ಕುದುರೆ, ಕಾಲಾಳುಗಳಷ್ಟೇ ಅತ್ತಿಂದಿತ್ತ ಓಡಾಡಿದವು. ಗೆಲ್ಲುವಾಗ ಅಣ್ಣನ ನಡೆ ತಿಂಡಿಗೆ ಮುಂಚೆಯೇ ಬಂದು ಬಿದ್ದಿರುತ್ತಿತ್ತು. ಸೋಲುವಾಗ ಮಾತ್ರ ಏನೇನೋ ಕೆಲಸ.

"ಮೊಬೈಲಲ್ಲೂ ಆಡಬಹುದಂತೆ" ಎಂದಳು ಹೆಂಡತಿ.

"ಅದ್ರಲ್ಲಿ ಊರವರೆಲ್ಲ ಆಡ್ತಾರೆ. ಇದು ನಮ್ಮಿಬ್ಬರದು" ಎಂದ ಅವನು.

ಸೇವೆ ಮುಗಿಯುವ ದಿನ ಅವನು ಅಂಗಡಿ ತೆರೆಯಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ: 'ಅಣ್ಣ, ಆಟ ಅರ್ಧಕ್ಕೇ ನಿಂತಿದೆ. ಬರ್ಲಾ?' ಕಳಿಸಿದವನು ಉತ್ತರಕ್ಕಾಗಿ ಹಸಿರು ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಕೊನೆಗೆ ಹೆಂಡತಿಯೇ ಬಂದು ತಂತಿ ಕಿತ್ತಳು. "ಲೈನ್ ಬಿಟ್ರೆ ತಾನೇ ಅವರು ಮಾತಾಡೋದು!"

ಕಿತ್ತದ್ದೇ ತಡ, ಫೋನು ಹೊಡೆದುಕೊಂಡಿತು.

"ಆಗಿಂದ ಮಾಡ್ತಿದೀನಿ, ಬರೀ ಎಂಗೇಜು!" ಅಣ್ಣನದು ಥೇಟ್ ಅಪ್ಪನ ದನಿ. "ಬರ್ಲಾ ಅಂತ ಕೇಳ್ತಾರೇನೋ, ಕತ್ತೆ?" ಆಮೇಲೆ ದನಿ ತಗ್ಗಿಸಿದ. "ಅವತ್ತು ನಾನು ಹಾಗೆ ಅನ್ನಬಾರದಿತ್ತು ಕಣೋ."

ಮರುದಿನ ಅಣ್ಣ ತನ್ನೂರಿನ ಬಸ್ ನಿಲ್ದಾಣದಲ್ಲೇ ಕಾದಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮನ ಚೀಲ ಕಿತ್ತುಕೊಂಡು ಮುಂದೆ ನಡೆದ. ಯಾವ ಅಂಗಡಿ ಮುಚ್ಚಿತು, ಯಾವ ಮರ ಕಡಿದರು ಎಂದು ಬೀದಿಯುದ್ದಕ್ಕೂ ಹೇಳುತ್ತಲೇ ಇದ್ದ. ಮಾತಿನ ಭರದಲ್ಲಿ ಇಬ್ಬರೂ ಮನೆ ದಾಟಿ ಮುಂದೆ ಹೋಗಿಬಿಟ್ಟರು. ಗೇಟಿನಲ್ಲಿ ನಿಂತಿದ್ದ ಅತ್ತಿಗೆ ಕರೆಯಲಿಲ್ಲ.