ಮಧ್ಯಾಹ್ನದ ದನಿ

ರೈಲು ನಿಲ್ದಾಣದಲ್ಲಿ ಹನ್ನೊಂದು ವರ್ಷದಿಂದ ಅವಳೇ ಪ್ರಕಟಣೆ ಹೇಳುತ್ತಿದ್ದಳು. ಗಾಜಿನ ಪುಟ್ಟ ಕೋಣೆ, ಒಂದು ಮೈಕು, ಎದುರಿಗೆ ವೇಳಾಪಟ್ಟಿ. ಗಾಡಿಗಳು ಎಷ್ಟೇ ತಡವಾದರೂ ಅವಳ ಮಾತು ತಡವರಿಸಿದ್ದಿಲ್ಲ.

ಆ ವರ್ಷ ಮಾತ್ರ ಮಧ್ಯಾಹ್ನವಾಗುತ್ತಿದ್ದಂತೆ ದನಿ ಮೂಗಿನಿಂದ ಸೋರತೊಡಗಿತು. ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ಒಂದು ದಿನ ಅವಳು ಹೇಳಿದ ಪ್ಲಾಟ್‌ಫಾರ್ಮ್ ಯಾವುದೆಂದು ತಿಳಿಯದೆ ಜನ ಅತ್ತಿತ್ತ ಓಡಿದರು. ಸ್ಟೇಷನ್ ಮಾಸ್ಟರ್ ಕೋಣೆಗೆ ಬಂದು ಯಾವುದೋ ಕಾಗದ ಹುಡುಕುವ ನೆಪದಲ್ಲಿ ಅವಳ ಮುಖದ ಹತ್ತಿರ ಬಗ್ಗಿದರು. ಕುಡಿದಿದ್ದಾಳೋ ಎಂದು ವಾಸನೆ ನೋಡುತ್ತಿದ್ದಾರೆಂದು ಗೊತ್ತಾಗಿ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಗಂಡ ಮೂರು ಸಲ ವೈದ್ಯರ ಹತ್ತಿರ ಕರೆದುಕೊಂಡು ಹೋದ. ಮೂರು ಸಲವೂ ಬೆಳಿಗ್ಗೆಯೇ. ಬೆಳಿಗ್ಗೆ ಅವಳು ಗುಂಡುಕಲ್ಲಿನ ಹಾಗಿರುತ್ತಿದ್ದಳು. ರಕ್ತ ಸರಿ, ಸಕ್ಕರೆ ಸರಿ, ನಾಲಿಗೆ ಸರಿ. "ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದಾರೆ, ಸ್ವಲ್ಪ ಹೊರಗೆ ಸುತ್ತಾಡಿಸಿ" ಎಂದರು ಆ ವೈದ್ಯರು. ಅಂದಿನಿಂದ ಗಂಡನ ನೋಟವೇ ಬೇರೆಯಾಯಿತು.

ಒಂದು ಭಾನುವಾರ ಸಂಜೆ ಇಬ್ಬರಿಗೂ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಅವಳು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನೆನೆಸಿಟ್ಟಿದ್ದ ಬಟ್ಟೆ ಒಗೆಯತೊಡಗಿದಳು. ನಾಲ್ಕನೇ ಬಟ್ಟೆ ಹಿಂಡುವಾಗ ತೋಳು ತೊಡೆಯ ಮೇಲೆ ಬಿತ್ತು. ಮಣೆಯಿಂದ ಏಳಲು ನೋಡಿದಳು, ಆಗಲಿಲ್ಲ. ಕೂಗಲು ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಕತ್ತು ಎದೆಯ ಮೇಲೆ ವಾಲಿತು. ಕಣ್ಣಿಗೆ ಕಾಣುತ್ತಿದ್ದದ್ದು ನೆನೆದ ಬಟ್ಟೆಯ ರಾಶಿ ಮತ್ತು ತನ್ನದೇ ಕಾಲಿನ ಬೆರಳುಗಳು.

"ಎಷ್ಟೊತ್ತೇ?" ಗಂಡ ಬಾಗಿಲು ತಟ್ಟಿದ. "ಮಾತಾಡು. ನಾನೇನು ಅಂತದ್ದು ಹೇಳಿದೆ ಈಗ?"

ಒಂದೊಂದು ಅಕ್ಷರವೂ ಕೇಳಿಸುತ್ತಿತ್ತು. ಚಿಲಕ ಎರಡು ಮೊಳ ದೂರದಲ್ಲಿತ್ತು. ಅವಳ ಅಕ್ಕನಿಗೆ ಅವನು ಫೋನು ಮಾಡಿದ್ದೂ ಕೇಳಿಸಿತು. "ನಿಮ್ಮ ತಂಗಿ ಒಳಗೆ ಕೂತು ಮಾತು ಬಿಟ್ಟಿದ್ದಾಳೆ, ಅಕ್ಕ. ಹಟ. ಆ ಡಾಕ್ಟರು ಹೇಳಿದ್ದೇ ಸರಿ."

ಹಟವಲ್ಲ ಎಂದು ಕಿರುಚಬೇಕೆನಿಸಿತು. ಕಣ್ಣೀರು ಇಳಿಯಿತು. ಒರೆಸಲು ಕೈ ಇರಲಿಲ್ಲ.

ಅರ್ಧ ಗಂಟೆ ಹಾಗೆಯೇ ಕೂತ ಮೇಲೆ ತೋಳಿಗೆ ಮೆಲ್ಲಗೆ ಜೀವ ಬಂತು. ಗೋಡೆ ಹಿಡಿದು ಎದ್ದು ಚಿಲಕ ತೆಗೆದಳು. ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಈಗ ಹೇಗೆ ಎದ್ದು ಬಂದೆ?"

ಅದೇ ಅವಳ ಸಂಕಟ. ದಣಿದರೆ ಹೇಳಲು ಬಾಯಿಲ್ಲ, ಸುಧಾರಿಸಿಕೊಂಡರೆ ತೋರಿಸಲು ರೋಗವಿಲ್ಲ.

ಮರುದಿನ ಅವಳೇ ನರರೋಗದ ವೈದ್ಯೆಯೊಬ್ಬರ ಬಳಿ ಸಮಯ ಕೇಳಿಕೊಂಡಳು. ಗಂಡ ಗೊಣಗುತ್ತಲೇ ಜೊತೆಗೆ ಬಂದ. ಅಲ್ಲಿ ಸಿಕ್ಕಿದ್ದೂ ಬೆಳಗಿನ ಹೊತ್ತೇ. ವೈದ್ಯೆ ಕೈ ಎತ್ತಿಸಿದರು, ನಾಲಿಗೆ ನೋಡಿದರು, ಎಲ್ಲ ಸರಿಯಾಗಿತ್ತು. ಅವರು ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಅವಳೆಂದಳು, "ಮೇಡಂ, ಹತ್ತು ನಿಮಿಷ ಕೊಡಿ. ನಾನು ದಿನಾ ಮಾಡೋ ಕೆಲಸ ಇಲ್ಲೇ ಮಾಡಿ ತೋರಿಸ್ತೀನಿ."

"ಮಾಡಮ್ಮ" ಎಂದರು ವೈದ್ಯೆ.

ಅವಳು ಬೆನ್ನು ನೆಟ್ಟಗೆ ಮಾಡಿ ಕೂತು, ಬಾಯಿಪಾಠವಾಗಿದ್ದ ಇಡೀ ವೇಳಾಪಟ್ಟಿಯನ್ನು ಬಿಡುವಿಲ್ಲದೆ ಹೇಳತೊಡಗಿದಳು. ಬಾಗಿಲಾಚೆ ಕಾಯುತ್ತಿದ್ದ ರೋಗಿಗಳು ಇಣುಕಿ ನೋಡಿ, ಯಾವ ಗಾಡಿ ಬಂತೆಂದು ನಕ್ಕರು. ಹದಿನೈದನೇ ಗಾಡಿಗೆ ದನಿ ಮೂಗಿಗೇರಿತು. ಇಪ್ಪತ್ತನೆಯದಕ್ಕೆ ಮಾತು ಅಂಟಂಟಾಯಿತು. ಅಷ್ಟರಲ್ಲಿ ಎಡರೆಪ್ಪೆ ಪೂರ್ತಿ ಇಳಿದಿತ್ತು. ನಗುತ್ತಿದ್ದವರು ಬಾಗಿಲಿಂದ ಹಿಂದೆ ಸರಿದರು.

ವೈದ್ಯೆ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಆ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟು ತೆಗೆದರು. ಕಣ್ಣು ತೆರೆದುಕೊಂಡಿತು.

"ನೋಡಿದ್ರಾ?" ವೈದ್ಯೆ ಗಂಡನತ್ತ ತಿರುಗಿದರು. "ನಾಟಕ ಆಗಿದ್ರೆ ಮಂಜುಗಡ್ಡೆಗೆಲ್ಲ ಬಗ್ತಿರ್ಲಿಲ್ಲ. ಇವರ ನರ ಹೇಳೋದು ಸ್ನಾಯುವಿಗೆ ತಲುಪ್ತಾ ಇಲ್ಲ. ಮೊದಲು ತಲುಪುತ್ತೆ, ಬಳಸ್ತಾ ಬಳಸ್ತಾ ನಿಂತುಹೋಗುತ್ತೆ. ತಂಪು ತಾಗಿದ್ರೆ ಸ್ವಲ್ಪ ಹೊತ್ತು ಮತ್ತೆ ತಲುಪುತ್ತೆ. ರಕ್ತಪರೀಕ್ಷೆ ಮಾಡಿ ಖಚಿತಪಡಿಸ್ಕೊಳ್ಳೋಣ. ಔಷಧಿ ಇದೆ, ಒಂದು ಮಾತ್ರೆ ಮೂರ್ನಾಲ್ಕು ಗಂಟೆ ಕೆಲಸ ಮಾಡುತ್ತೆ. ಆದ್ರೆ ಜೊತೆಗೇ ಬಾಳಬೇಕಾದ ಕಾಯಿಲೆ. ಉಸಿರಿಗೆ ಕಷ್ಟ ಆದ್ರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆತನ್ನಿ."

ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು. ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಇಳಿಬೀಳುತ್ತಿದ್ದ ದವಡೆಯನ್ನು ಅವಳು ಅಂಗೈಯಿಂದ ಎತ್ತಿ ಹಿಡಿದುಕೊಂಡಿದ್ದಳು.

"ನಂಗೆ ಗೊತ್ತಾಗ್ಲಿಲ್ಲ ಕಣೇ" ಎಂದ ಗಂಡ. "ಕೋಪನಾ?"

ಮಾತು ಒಳಗೆ ಸಿದ್ಧವಾಗಿತ್ತು, ಹೊರಗೆ ದಾರಿಯಿರಲಿಲ್ಲ. ಅವಳ ಮೌನವನ್ನು ಕ್ಷಮೆಯೆಂದುಕೊಂಡು ಅವನು ಸಮಾಧಾನದಿಂದ ಗೋಡೆಗೆ ಒರಗಿದ. ಅದು ಕ್ಷಮೆಯಲ್ಲವೆಂದು ತಲೆಯಲ್ಲಾಡಿಸಲೂ ಅವಳ ಕತ್ತಿಗೆ ಕಸುವಿರಲಿಲ್ಲ.

ಮುಕ್ಕಾಲು ಗಂಟೆ ಕಳೆದ ಮೇಲೆ ದವಡೆ ಹಗುರಾಯಿತು. ಕೈ ಬಿಟ್ಟು ನೋಡಿದಳು, ಬಾಯಿ ಮುಚ್ಚಿಕೊಂಡೇ ಇತ್ತು. ಆಗ ಅವನ ಕಡೆ ತಿರುಗಿ, ಮೈಕಿನ ಮುಂದೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು.

"ಹೌದು ರೀ. ತುಂಬಾ ಕೋಪ ಇದೆ. ಮಾತ್ರೆಯ ಬಲ ಇಳಿಯೋದ್ರೊಳಗೆ ಎಲ್ಲಾ ಹೇಳ್ತೀನಿ, ಕೇಳಿ."